ಬಿಲ್ ಯಾರ ಹೆಸರಿಗೆ?

ಕೆಲಸ ಹುಡುಕಿಕೊಡುವ ಖಾಸಗಿ ಏಜೆನ್ಸಿಗೆ ಬೆಂಗಳೂರಿನಲ್ಲಿ ಎಲ್ಲರ ಬಾಯಲ್ಲಿರುವ ಹೆಸರು ‘ಕನ್ಸಲ್ಟೆನ್ಸಿ’. ಈ ಒಂದೇ ಹೆಸರಿನಡಿ ನಾಲ್ಕು ಬಗೆಯ ವ್ಯವಹಾರ ನಡೆಯುತ್ತದೆ. ಕಂಪನಿಯಿಂದ ಹಣ ಪಡೆದು ಅದಕ್ಕೆ ಬೇಕಾದ ನೌಕರರನ್ನು ಹುಡುಕಿಕೊಡುವುದು ಮೊದಲನೆಯದು. ನೌಕರನನ್ನು ತನ್ನದೇ ಪೇರೋಲ್‌ನಲ್ಲಿ ಇಟ್ಟುಕೊಂಡು ಬೇರೆ ಕಂಪನಿಯ ಕೆಲಸಕ್ಕೆ ಕಳಿಸುವುದು ಎರಡನೆಯದು. ಕೆಲಸ ಬೇಕಾದವರಿಂದಲೇ ಶುಲ್ಕ ವಸೂಲು ಮಾಡುವುದು ಮೂರನೆಯದು. ಹೊರದೇಶಕ್ಕೆ ಜನ ಕಳಿಸುವುದು ನಾಲ್ಕನೆಯದು. ನಾಲ್ಕಕ್ಕೂ ಹಣ ಬರುವ ದಾರಿ ಬೇರೆ, ಅನ್ವಯಿಸುವ ಕಾನೂನು ಬೇರೆ, ಹುಟ್ಟುವ ತಕರಾರೂ ಬೇರೆ. ಆದರೆ ಡಿಗ್ರಿ ಮುಗಿಸಿ ಕಲಬುರಗಿಯಿಂದಲೋ ಹಾವೇರಿಯಿಂದಲೋ ಬಂದಿಳಿದ ಹುಡುಗನ ಕಣ್ಣಿಗೆ ನಾಲ್ಕೂ ಒಂದೇ ಥರ ಕಾಣುತ್ತವೆ: ಒಂದು ಬೋರ್ಡು, ಒಂದು ಮೇಜು, ಬಯೋಡೇಟಾ ಕೇಳುವ ಒಂದು ದನಿ. ಅಭ್ಯರ್ಥಿಗಳಿಗೆ ಏಜೆನ್ಸಿಗಳ ಮೇಲಿರುವ ಸಿಟ್ಟಾಗಲಿ, ಏಜೆನ್ಸಿಗಳಿಗೆ ಅಭ್ಯರ್ಥಿಗಳ ಮೇಲಿರುವ ಬೇಸರವಾಗಲಿ ಎಲ್ಲಿಂದ ಬಂತೆಂದು ತಿಳಿಯಬೇಕಾದರೆ, ಬಿಲ್ ಯಾರ ಹೆಸರಿಗೆ ಹೋಗುತ್ತದೆ ಎಂದು ಮೊದಲು ನೋಡಬೇಕು.

ಬಿಲ್ಲೇ ಇಲ್ಲದ ವ್ಯವಸ್ಥೆಯೂ ಒಂದಿತ್ತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ, ಸೇನೆಯಿಂದ ಬಿಡುಗಡೆಯಾಗಿ ಬರುವವರಿಗೆ ಬದುಕು ಕಟ್ಟಿಕೊಡಬೇಕೆಂದು 1945ರಲ್ಲಿ ಸರ್ಕಾರ ಪುನರ್ವಸತಿ ಮತ್ತು ಉದ್ಯೋಗ ನಿರ್ದೇಶನಾಲಯ ತೆರೆಯಿತು. ಜಿಲ್ಲೆ ಜಿಲ್ಲೆಯಲ್ಲಿ ಉದ್ಯೋಗ ವಿನಿಮಯ ಕಚೇರಿಗಳು ಬೆಳೆದದ್ದು ಅದೇ ಬೇರಿನಿಂದ. 1959ರ ಕಾಯ್ದೆಯ ಪ್ರಕಾರ ಸರ್ಕಾರಿ ಸಂಸ್ಥೆಗಳೂ, 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಗಳನ್ನು ಈ ಕಚೇರಿಗೆ ತಿಳಿಸಬೇಕಿತ್ತು. ಕಚೇರಿ ಕಳಿಸಿದವರನ್ನೇ ತೆಗೆದುಕೊಳ್ಳಬೇಕೆಂಬ ಕಟ್ಟುಪಾಡು ಮಾತ್ರ ಆ ಕಾಯ್ದೆಯಲ್ಲಿ ಇರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ತಕ್ಷಣ ‘ಎಕ್ಸ್‌ಚೇಂಜ್ ಕಾರ್ಡ್’ ಮಾಡಿಸಿ, ತಪ್ಪದೆ ನವೀಕರಿಸಿಕೊಂಡು, ಕರೆ ಬಾರದೆಯೇ ವಯಸ್ಸು ಮೀರಿದವರು ಒಂದು ಇಡೀ ತಲೆಮಾರಿನಲ್ಲಿ ಮನೆಗೊಬ್ಬರಂತೆ ಸಿಗುತ್ತಾರೆ. ವಿನಿಮಯ ಕಚೇರಿಯ ಪಟ್ಟಿಯೊಂದನ್ನೇ ನೆಚ್ಚದೆ ಪತ್ರಿಕೆಗಳಲ್ಲೂ ಪ್ರಕಟಣೆ ಕೊಟ್ಟು ಅರ್ಜಿ ಕರೆಯಬೇಕೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಸರ್ಕಾರಿ ನೇಮಕದಲ್ಲೂ ಆ ಕಾರ್ಡಿನ ತೂಕ ಇಳಿಯಿತು. ಮರುವರ್ಷ, 1997ರಲ್ಲಿ, ನೌಕ್ರಿ ಡಾಟ್ ಕಾಮ್ ಶುರುವಾಯಿತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ತಿಂಗಳಿಗೆ ನೂರಾರು ಜನರನ್ನು ಸೇರಿಸಿಕೊಳ್ಳತೊಡಗಿದ ಆ ವರ್ಷಗಳಲ್ಲೇ ಸಣ್ಣಪುಟ್ಟ ಕನ್ಸಲ್ಟೆನ್ಸಿಗಳು ಬಡಾವಣೆ ಬಡಾವಣೆಯಲ್ಲಿ ತಲೆಯೆತ್ತಿದವು. ಒಂದು ಕಂಪ್ಯೂಟರು, ಎರಡು ಫೋನು, ಜಾಬ್ ಪೋರ್ಟಲ್‌ನ ಚಂದಾ ಇದ್ದರೆ ಅಂಗಡಿ ತೆರೆಯಬಹುದಿತ್ತು. ಇವತ್ತಿಗೂ ಅದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ.

ಮೊದಲನೆಯ ಬಗೆಯ ಏಜೆನ್ಸಿ ದುಡಿಯುವ ರೀತಿ ಹೀಗಿದೆ. ಕಂಪನಿಯೊಂದಿಗೆ ಮಾಡಿಕೊಂಡ ಒಪ್ಪಂದದ ಪ್ರಕಾರ, ಏಜೆನ್ಸಿ ಕಳಿಸಿದ ಅಭ್ಯರ್ಥಿ ಕೆಲಸಕ್ಕೆ ಸೇರಿದರೆ ಆತನ ವಾರ್ಷಿಕ ಸಿಟಿಸಿಯ, ಎಂದರೆ ಕಂಪನಿ ಆತನಿಗಾಗಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚದ, ಇಂತಿಷ್ಟು ಪಾಲನ್ನು ಕಂಪನಿ ಕೊಡುತ್ತದೆ. ಈ ವೃತ್ತಿಯಲ್ಲಿ ತುಂಬ ಬಳಕೆಯಲ್ಲಿರುವ ದರ ಶೇ 8.33, ಎಂದರೆ ಹನ್ನೆರಡರಲ್ಲಿ ಒಂದು ಪಾಲು, ಒಂದು ತಿಂಗಳ ಸಂಬಳ. ವರ್ಷಕ್ಕೆ 6 ಲಕ್ಷ ರೂಪಾಯಿ ಸಂಬಳದ ಹುದ್ದೆ ತುಂಬಿದರೆ ಏಜೆನ್ಸಿಗೆ ಸುಮಾರು 50,000 ರೂಪಾಯಿ ಬರುತ್ತದೆ. ಅಭ್ಯರ್ಥಿಯ ಸಂಬಳದಲ್ಲಿ ಇದಕ್ಕಾಗಿ ಏನೂ ಕಡಿತವಾಗುವುದಿಲ್ಲ. ಆದರೆ ಸೇರಿದರೆ ಮಾತ್ರ ಹಣ. ನೂರು ಜನಕ್ಕೆ ಫೋನ್ ಮಾಡಿ, ಹತ್ತು ಬಯೋಡೇಟಾ ಕಳಿಸಿ, ಇಬ್ಬರು ಕೊನೆಯ ಸುತ್ತಿನವರೆಗೆ ಹೋಗಿ ಯಾರೂ ಸೇರದಿದ್ದರೆ ಅಷ್ಟೂ ದುಡಿಮೆಗೆ ಸಿಗುವುದು ಸೊನ್ನೆ. ಸೇರಿದವನು ಗೊತ್ತಾದ ಅವಧಿಯೊಳಗೆ, ಸಾಮಾನ್ಯವಾಗಿ 90 ದಿನದೊಳಗೆ, ಬಿಟ್ಟುಹೋದರೆ ಇನ್ನೊಬ್ಬನನ್ನು ಪುಕ್ಕಟೆಯಾಗಿ ಹುಡುಕಿಕೊಡಬೇಕು, ಇಲ್ಲವೇ ಹಣ ವಾಪಸು ಮಾಡಬೇಕು. ಇದರ ಮೇಲೆ, ಒಂದೇ ಹುದ್ದೆಯನ್ನು ಕಂಪನಿ ನಾಲ್ಕಾರು ಏಜೆನ್ಸಿಗಳಿಗೆ ಒಟ್ಟಿಗೇ ಕೊಟ್ಟಿರುತ್ತದೆ. ಯಾರು ಮೊದಲು ಬಯೋಡೇಟಾ ಕಳಿಸಿದರೋ ಅಭ್ಯರ್ಥಿ ಅವರ ಲೆಕ್ಕಕ್ಕೆ.

ಈ ಓಟವೇ ಅಭ್ಯರ್ಥಿಗಳ ಅರ್ಧ ದೂರಿಗೆ ಕಾರಣ. ಬೆಳಗ್ಗೆ ಹತ್ತಕ್ಕೊಂದು, ಹನ್ನೊಂದಕ್ಕೊಂದು ಫೋನ್ ಬರುತ್ತದೆ. ಅದೇ ಹುದ್ದೆ, ಬೇರೆ ದನಿ. ಎಲ್ಲರೂ ಕೇಳುವುದು ಅದೇ ಮೂರು ಪ್ರಶ್ನೆ: ಈಗಿನ ಸಿಟಿಸಿ ಎಷ್ಟು, ಎಷ್ಟು ಎಕ್ಸ್‌ಪೆಕ್ಟ್ ಮಾಡುತ್ತೀರಿ, ನೋಟಿಸ್ ಪೀರಿಯಡ್ ಎಷ್ಟು ದಿನ. ಓದಿದ್ದೇನು, ಮಾಡಿದ್ದೇನು, ಯಾಕೆ ಕೆಲಸ ಬಿಡಬೇಕೆನಿಸಿದೆ ಎಂದು ಕೇಳುವವರು ಅಪರೂಪ. ಕರೆ ಮಾಡುವ ಹುಡುಗಿಯೂ ಬಹುತೇಕ ಆಗತಾನೇ ಡಿಗ್ರಿ ಮುಗಿಸಿದವಳು. ದಿನಕ್ಕೆ ಇಷ್ಟು ಕರೆ, ಇಷ್ಟು ಬಯೋಡೇಟಾ ಎಂದು ಅವಳಿಗೆ ಟಾರ್ಗೆಟ್ ಇರುತ್ತದೆ. ಕಂಪನಿ ಕಳಿಸಿದ ಹುದ್ದೆಯ ವಿವರದಲ್ಲಿರುವ ಪದಗಳು ಬಯೋಡೇಟಾದಲ್ಲಿಯೂ ಇವೆಯೇ ಎಂದು ಅವಳು ಹುಡುಕುತ್ತಾಳೆ. ಜಾವಾ ಬಲ್ಲವನಿಗೆ ಜಾವಾಸ್ಕ್ರಿಪ್ಟ್ ಕೆಲಸಕ್ಕೆ ಕರೆ ಬರುವುದು, ಹತ್ತು ವರ್ಷ ಯಂತ್ರಗಳ ವಿನ್ಯಾಸ ಮಾಡಿದವನಿಗೆ ವೆಬ್‌ಸೈಟ್ ವಿನ್ಯಾಸದ ಕೆಲಸ ಹೇಳುವುದು ಈ ಪದ ಹೊಂದಿಸುವ ಪದ್ಧತಿಯ ಫಲ. ಅನುಭವಸ್ಥನಿಗೆ ಇದು ಅವಮಾನದಂತೆ ಕಾಣುತ್ತದೆ, ಕಾಣುವುದು ಸಹಜವೂ ಹೌದು.

ಕಂಪನಿಯ ಹೆಸರು ಮುಚ್ಚಿಡುವುದು ಇನ್ನೊಂದು ದೂರು. ‘ಒಂದು ದೊಡ್ಡ ಎಂಎನ್‌ಸಿ, ವೈಟ್‌ಫೀಲ್ಡ್‌ನಲ್ಲಿದೆ’ ಎನ್ನುವಷ್ಟಕ್ಕೆ ಮಾತು ನಿಲ್ಲುತ್ತದೆ. ಹೆಸರು ಹೇಳಿದರೆ ಅಭ್ಯರ್ಥಿ ನೇರವಾಗಿ ಅರ್ಜಿ ಹಾಕಿಯಾನು, ಇಲ್ಲವೇ ಇನ್ನೊಂದು ಏಜೆನ್ಸಿಗೆ ತಿಳಿದೀತು ಎಂಬ ಭಯ. ಆದರೆ ಹೆಸರು ತಿಳಿಯದೆ ಒಪ್ಪಿದರೆ ಅಭ್ಯರ್ಥಿಗೆ ನಿಜವಾದ ನಷ್ಟವಿದೆ. ಒಬ್ಬನದೇ ಬಯೋಡೇಟಾ ಎರಡು ಏಜೆನ್ಸಿಗಳಿಂದ ಬಂದರೆ ಕಂಪನಿಯ ತಂತ್ರಾಂಶ ಅದನ್ನು ನಕಲು ಎಂದು ಗುರುತಿಸುತ್ತದೆ. ಕಮಿಷನ್ ಯಾರಿಗೆ ಸೇರಬೇಕೆಂಬ ಜಗಳ ಯಾಕೆ ಎಂದು ಕೆಲವು ಕಂಪನಿಗಳು ಅಂಥ ಅಭ್ಯರ್ಥಿಯನ್ನೇ ಪಕ್ಕಕ್ಕಿಡುತ್ತವೆ. ಒಮ್ಮೆ ಒಂದು ಏಜೆನ್ಸಿಯ ಲೆಕ್ಕಕ್ಕೆ ಬಿದ್ದ ಹೆಸರು ಹಲವು ತಿಂಗಳು ಅದರದ್ದೇ ಆಗಿ ಉಳಿಯುತ್ತದೆ. ಆ ಅವಧಿಯಲ್ಲಿ ಅಭ್ಯರ್ಥಿ ಆ ಕಂಪನಿಗೆ ಸ್ವಂತವಾಗಿ ಅರ್ಜಿ ಹಾಕಿದರೂ ಹಳೆಯ ದಾಖಲೆ ಅಡ್ಡ ಬರುತ್ತದೆ. ಇದನ್ನು ತಪ್ಪಿಸಲು ಒಳ್ಳೆಯ ಏಜೆನ್ಸಿಗಳು ಕಂಪನಿಯ ಹೆಸರು, ಹುದ್ದೆ, ಸಂಬಳ ಬರೆದು ‘ಈ ಹುದ್ದೆಗೆ ನಿಮ್ಮ ಬಯೋಡೇಟಾ ಕಳಿಸಬಹುದೇ’ ಎಂದು ಇ-ಮೇಲ್‌ನಲ್ಲಿ ಒಪ್ಪಿಗೆ ಕೇಳುತ್ತವೆ. ಕೇಳದ ಕಡೆ ಅಭ್ಯರ್ಥಿಯೇ ಕೇಳಿ ಪಡೆಯಬೇಕಾದ ಒಂದೇ ಒಂದು ಕಾಗದವೆಂದರೆ ಇದು.

ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಮೌನ. ಇಂಟರ್‌ವ್ಯೂಗೆ ಮುಂಚೆ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದವರು ಇಂಟರ್‌ವ್ಯೂ ಮುಗಿದ ಮೇಲೆ ಕರೆಯನ್ನೇ ಎತ್ತುವುದಿಲ್ಲ. ಒಳಗೆ ನಡೆದಿರುವುದು ಸಾಮಾನ್ಯವಾಗಿ ಮೂರರಲ್ಲಿ ಒಂದು. ಕಂಪನಿಯೇ ಏಜೆನ್ಸಿಗೆ ಫಲಿತಾಂಶ ಹೇಳಿರುವುದಿಲ್ಲ. ಇಲ್ಲವೇ, ಬಜೆಟ್ ಒಪ್ಪಿಗೆ ಸಿಗದೆ ಹುದ್ದೆಯನ್ನೇ ತಡೆಹಿಡಿದಿರುತ್ತದೆ. ಇಲ್ಲವೇ, ಬೇರೊಬ್ಬ ಆಯ್ಕೆಯಾಗಿರುತ್ತಾನೆ, ಅದನ್ನು ಉಳಿದವರಿಗೆ ಹೇಳುವ ಕೆಲಸಕ್ಕೆ ಯಾರೂ ಹಣ ಕೊಡುವುದಿಲ್ಲ. ಬಿಲ್ ಕಂಪನಿಯ ಹೆಸರಿಗಿರುವಾಗ ಕಂಪನಿಯ ಫೋನನ್ನು ಎತ್ತದಿದ್ದರೆ ವ್ಯಾಪಾರ ಕೆಡುತ್ತದೆ, ಅಭ್ಯರ್ಥಿಯ ಫೋನನ್ನು ಎತ್ತದಿದ್ದರೆ ಏನೂ ಕೆಡುವುದಿಲ್ಲ. ಕಾರಣ ಗೊತ್ತಾದ ಮಾತ್ರಕ್ಕೆ ಇದು ಕ್ಷಮೆಗೆ ಅರ್ಹವಾಗುವುದಿಲ್ಲ. ‘ಈ ಹುದ್ದೆಗೆ ಆಯ್ಕೆಯಾಗಿಲ್ಲ’ ಎಂಬ ಒಂದು ಸಾಲನ್ನು ತಂತ್ರಾಂಶವೇ ಕಳಿಸಬಲ್ಲದು. ಆ ಒಂದು ಸಾಲಿಗಾಗಿ ಬೇರೆ ಆಫರ್ ಬಿಟ್ಟು ಕಾದವರು, ಊರಿಗೆ ಹೋಗದೆ ಪಿಜಿಯ ಬಾಡಿಗೆ ಕಟ್ಟುತ್ತಾ ಕೂತವರು ಇದ್ದಾರೆ. ಇಲ್ಲ ಎನ್ನುವ ಮಾತನ್ನು ಬೇಗ ಕೇಳಿಸಿಕೊಳ್ಳುವ ಹಕ್ಕು ಕೆಲಸ ಕೇಳುವವನಿಗೆ ಇರಬೇಕು.

ಏಜೆನ್ಸಿಯವರ ಕಡೆಯಿಂದಲೂ ಹೇಳುವುದಿದೆ, ಅದರಲ್ಲಿ ಸತ್ಯವೂ ಇದೆ. ಅವರ ದೊಡ್ಡ ಸಂಕಟ ‘ಡ್ರಾಪ್’, ಎಂದರೆ ಆಫರ್ ಲೆಟರ್ ಪಡೆದವನು ಸೇರುವ ದಿನ ಬಾರದಿರುವುದು. ಐಟಿ ಕ್ಷೇತ್ರದ ಎಷ್ಟೋ ಕಂಪನಿಗಳಲ್ಲಿ ನೋಟಿಸ್ ಅವಧಿ 90 ದಿನ. ರಾಜೀನಾಮೆ ಕೊಟ್ಟವನು ಮೂರು ತಿಂಗಳು ಹಳೆಯ ಕಂಪನಿಯಲ್ಲೇ ಇರಬೇಕು. ಕೈಯಲ್ಲಿ ಆಫರ್ ಇರುತ್ತದೆ, ಕೊರಳಲ್ಲಿ ‘ಈಗ ನೋಟಿಸ್‌ನಲ್ಲಿದ್ದಾರೆ’ ಎಂಬ ಫಲಕ ಇರುತ್ತದೆ. ಬೇಗ ಸೇರಬಲ್ಲವನಿಗೆ ಬೇಡಿಕೆ ಹೆಚ್ಚು. ಮೊದಲ ಆಫರ್ ತೋರಿಸಿ ಎರಡನೆಯದು, ಎರಡನೆಯದು ತೋರಿಸಿ ಮೂರನೆಯದು ಪಡೆಯುವುದು ಮಾಮೂಲಿ. ಸೇರುವ ಹಿಂದಿನ ಸಂಜೆಯವರೆಗೆ ‘ಬರ್ತೀನಿ ಮೇಡಂ’ ಎಂದವನು ಬೆಳಗ್ಗೆ ಫೋನ್ ಆಫ್ ಮಾಡಿದರೆ, ಮೂರು ತಿಂಗಳು ಅವನ ಬೆನ್ನು ಹಿಡಿದಿದ್ದ ಏಜೆನ್ಸಿಯ ಹುಡುಗಿಯ ಆ ತಿಂಗಳ ಇನ್ಸೆಂಟಿವ್ ಹೋಯಿತು, ಎಷ್ಟೋ ಸಲ ಕೆಲಸಕ್ಕೇ ಕುತ್ತು ಬಂತು. ಇಂಟರ್‌ವ್ಯೂಗೆ ಬರುತ್ತೇನೆಂದು ಬಾರದಿರುವುದು, ಬಯೋಡೇಟಾದಲ್ಲಿ ಇಲ್ಲದ ಅನುಭವ ಬರೆಯುವುದು, ವಿಡಿಯೊ ಇಂಟರ್‌ವ್ಯೂನಲ್ಲಿ ಒಬ್ಬನ ಮುಖ ಇಟ್ಟು ಇನ್ನೊಬ್ಬ ಉತ್ತರಿಸುವುದು ಇವೆಲ್ಲ ಅವರ ದೂರಿನ ಪಟ್ಟಿಯಲ್ಲಿವೆ.

ಆದರೂ ತಕ್ಕಡಿ ಸಮವಾಗಿಲ್ಲ ಎನ್ನುವುದನ್ನು ಗಮನಿಸಬೇಕು. ಮೂರು ತಿಂಗಳ ನೋಟಿಸ್ ಅವಧಿಯನ್ನು ಮಾಡಿದ್ದು ನೌಕರರಲ್ಲ, ಕಂಪನಿಗಳು. ಆಫರ್ ಲೆಟರ್ ಕೊಟ್ಟು ಹಿಂದೆ ಸರಿಯುವುದರಲ್ಲಿ ಕಂಪನಿಗಳೂ ಹಿಂದೆ ಬಿದ್ದಿಲ್ಲ. 2022ರಲ್ಲಿ ಕ್ಯಾಂಪಸ್‌ಗಳಲ್ಲಿ ಆಯ್ಕೆಯಾದ ಎಷ್ಟೋ ಎಂಜಿನಿಯರಿಂಗ್ ಪದವೀಧರರನ್ನು ದೊಡ್ಡ ಐಟಿ ಕಂಪನಿಗಳು ಒಂದು ವರ್ಷಕ್ಕೂ ಹೆಚ್ಚು ಕಾಯಿಸಿದವು. ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟ ಮೇಲೆ ಹೊಸ ಆಫರ್ ರದ್ದಾದರೆ ಅಭ್ಯರ್ಥಿ ಎರಡೂ ದಡ ಕಳೆದುಕೊಳ್ಳುತ್ತಾನೆ. ಏಜೆನ್ಸಿ ಕಳೆದುಕೊಳ್ಳುವುದು ಒಂದು ಬಿಲ್ಲನ್ನು. ಎರಡನೇ ಆಫರನ್ನು ಕೈಯಲ್ಲಿಟ್ಟುಕೊಳ್ಳುವ ಅಭ್ಯರ್ಥಿಯನ್ನು ಇಲ್ಲಿ ದ್ರೋಹಿ ಎನ್ನುವುದು ಕಷ್ಟ. ಹೇಳದೆ ಕೇಳದೆ ಫೋನ್ ಆಫ್ ಮಾಡುವುದು ಮಾತ್ರ ಏಜೆನ್ಸಿಯ ಮೌನದ್ದೇ ಇನ್ನೊಂದು ಮುಖ.

ಎರಡನೆಯ ಬಗೆಯಲ್ಲಿ, ಎಂದರೆ ಪೇರೋಲ್ ವ್ಯವಹಾರದಲ್ಲಿ, ಏಜೆನ್ಸಿ ಬರೀ ದಲ್ಲಾಳಿಯಾಗಿ ಉಳಿಯುವುದಿಲ್ಲ, ಕಾಗದದ ಮೇಲೆ ಅದೇ ಮಾಲೀಕ. ಕೆಲಸ ಮಾಡುವುದು ಒಂದು ಕಂಪನಿಯ ಗೇಟಿನೊಳಗೆ, ಸಂಬಳದ ಚೀಟಿ ಬರುವುದು ಇನ್ನೊಂದು ಕಂಪನಿಯ ಹೆಸರಿನಲ್ಲಿ. ಪೀಣ್ಯ, ಬೊಮ್ಮಸಂದ್ರ, ಬಿಡದಿ, ನರಸಾಪುರದ ಕಾರ್ಖಾನೆಗಳಿಂದ ಹಿಡಿದು ಐಟಿ ಪಾರ್ಕುಗಳವರೆಗೆ ಈ ಪದ್ಧತಿ ಹಬ್ಬಿದೆ. ಕಂಪನಿ ಒಬ್ಬ ನೌಕರನಿಗಾಗಿ ತಿಂಗಳಿಗೆ ಇಷ್ಟು ಎಂದು ಏಜೆನ್ಸಿಗೆ ಕೊಡುತ್ತದೆ. ಅದರಲ್ಲಿ ತನ್ನ ಪಾಲು ಕಳೆದು ಏಜೆನ್ಸಿ ಸಂಬಳ ಕೊಡುತ್ತದೆ. ಐಟಿಯಲ್ಲಿ ಕಂಪನಿಗೂ ನೌಕರನಿಗೂ ನಡುವೆ ಎರಡು ಮೂರು ವೆಂಡರ್‌ಗಳು ಇರುವುದುಂಟು, ಪ್ರತಿ ಮೆಟ್ಟಿಲಲ್ಲೂ ಒಂದು ಪಾಲು ಉಳಿಯುತ್ತದೆ. ತನಗಾಗಿ ಕಂಪನಿ ಎಷ್ಟು ಕೊಡುತ್ತಿದೆ ಎಂಬುದು ದುಡಿಯುವವನಿಗೇ ಗೊತ್ತಿರುವುದಿಲ್ಲ.

ಹೇಳಿದ ಸಂಬಳ ಒಂದು, ಕೈಗೆ ಬಂದದ್ದು ಇನ್ನೊಂದು ಎಂಬುದು ಇಲ್ಲಿನ ಮುಖ್ಯ ತಕರಾರು. ಸಿಟಿಸಿ ಎಂಬ ಲೆಕ್ಕದಲ್ಲಿ ಮಾಲೀಕನ ಪಾಲಿನ ಶೇ 12ರ ಪಿಎಫ್, ಗ್ರಾಚ್ಯುಟಿ, ವಿಮೆ ಎಲ್ಲವೂ ಸೇರಿರುತ್ತವೆ. ಅದರ ಮೇಲೆ ನೌಕರನ ಪಾಲಿನ ಶೇ 12 ಬೇರೆ ಕಡಿತವಾಗುತ್ತದೆ. ನೇಮಕದ ಹೊತ್ತಿಗೆ ಏಜೆನ್ಸಿಯವನು ದೊಡ್ಡ ಅಂಕಿಯನ್ನಷ್ಟೇ ಹೇಳಿರುತ್ತಾನೆ. ಇದು ಎಲ್ಲಿಗೆ ಹೋಗಿ ಮುಟ್ಟಬಹುದೆಂಬುದಕ್ಕೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2020ರ ಡಿಸೆಂಬರ್ 12ರಂದು ನಡೆದದ್ದು ಸಾಕ್ಷಿ. ಅಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯ ಬಹುಪಾಲು ಕಾರ್ಮಿಕರು ಏಜೆನ್ಸಿಗಳ ಮೂಲಕ ಬಂದವರು. ಹೇಳಿದ್ದಕ್ಕಿಂತ ಕಡಿಮೆ ಸಂಬಳ ಬರುತ್ತಿದೆ, ಓವರ್‌ಟೈಮ್ ಲೆಕ್ಕ ಸರಿಯಿಲ್ಲ ಎಂಬ ಅಸಮಾಧಾನ ವಾರಗಟ್ಟಲೆ ಕುದಿದು, ಅಂದು ಬೆಳಗಿನ ಪಾಳಿ ಬದಲಾಗುವ ಹೊತ್ತಿಗೆ ಗಾಜು ಒಡೆದು, ವಾಹನ ಸುಟ್ಟು ಹೊರಬಿತ್ತು. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಸಂದಿಲ್ಲ ಎಂದು ಕಂಪನಿಯೇ ಆಮೇಲೆ ಒಪ್ಪಿಕೊಂಡು ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಹಿರಿಯ ಅಧಿಕಾರಿಯನ್ನು ಹುದ್ದೆಯಿಂದ ಇಳಿಸಿತು. ಲೂಟಿ, ಹಾನಿಗೆ ಸಮರ್ಥನೆ ಇಲ್ಲ. ಆದರೆ ಅದಕ್ಕೆ ಮುಂಚಿನ ವಾರಗಳಲ್ಲಿ ಕಾರ್ಮಿಕನ ದೂರು ಹೋಗಬೇಕಾದ ಬಾಗಿಲು ಯಾವುದೆಂದು ಯಾರಿಗೂ ತಿಳಿದಿರಲಿಲ್ಲ. ಕಾರ್ಖಾನೆಯವರು ಏಜೆನ್ಸಿಯ ಕಡೆ ಕೈ ತೋರಿಸಿದರೆ ಏಜೆನ್ಸಿ ಕಾರ್ಖಾನೆಯ ಕಡೆ ತೋರಿಸುವ ಈ ವ್ಯವಸ್ಥೆಯಲ್ಲಿ ಅದು ತಿಳಿಯುವುದೂ ಸುಲಭವಲ್ಲ.

ಕಾನೂನು ಮಾತ್ರ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಗುತ್ತಿಗೆದಾರ ಸಂಬಳ ಕೊಡದಿದ್ದರೆ, ಇಲ್ಲವೇ ಕಡಿಮೆ ಕೊಟ್ಟರೆ ಮೂಲ ಮಾಲೀಕನೇ ಅದನ್ನು ತುಂಬಿಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೇಳಿತ್ತು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಕಾಯ್ದೆಯ ಜಾಗ ತುಂಬಿದ ಮೇಲೂ ಈ ಹೊಣೆ ಹಾಗೆಯೇ ಉಳಿದಿದೆ. ಗೇಟಿನೊಳಗಿನ ಕಂಪನಿ ‘ನೀನು ನಮ್ಮ ನೌಕರನಲ್ಲ’ ಎಂದು ಹೇಳಿ ಕೈ ತೊಳೆದುಕೊಳ್ಳುವಂತಿಲ್ಲ.

ಮೂರನೆಯ ಬಗೆಯಲ್ಲಿ ಬಿಲ್ ತಿರುಗಿ ಅಭ್ಯರ್ಥಿಯ ಹೆಸರಿಗೇ ಬರುತ್ತದೆ. ಬಸ್ ನಿಲ್ದಾಣದ ಕಂಬಗಳಿಗೆ, ಮೆಟ್ರೊ ಪಿಲ್ಲರುಗಳಿಗೆ ಅಂಟಿಸಿದ ‘ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಆದವರಿಗೆ ತಕ್ಷಣ ಕೆಲಸ’ ಎಂಬ ಚೀಟಿಗಳಿಂದ ಇದು ಶುರುವಾಗುತ್ತದೆ. ನೋಂದಣಿಗೆ ಐನೂರು, ದಾಖಲೆ ಪರಿಶೀಲನೆಗೆ ಸಾವಿರ, ಸಮವಸ್ತ್ರಕ್ಕೆ, ಐಡಿ ಕಾರ್ಡಿಗೆ, ಲ್ಯಾಪ್‌ಟಾಪ್ ಡೆಪಾಸಿಟ್ಟಿಗೆ ಎಂದು ಮೊತ್ತ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲ ಮೊತ್ತ ಬೇಕೆಂದೇ ಸಣ್ಣದಾಗಿರುತ್ತದೆ. ಐನೂರು ಕಟ್ಟಿದವನು ಅದು ದಂಡವಾದೀತೆಂಬ ಅಳುಕಿನಿಂದಲೇ ಮುಂದಿನ ಎರಡು ಸಾವಿರ ಕಟ್ಟುತ್ತಾನೆ. ಕೆಲವೆಡೆ ಕೆಲಸ ನಿಜವಾಗಿ ಸಿಗುತ್ತದೆ: ಗೋದಾಮಿನಲ್ಲಿ ಪ್ಯಾಕಿಂಗೋ ಸೆಕ್ಯುರಿಟಿ ಗಾರ್ಡ್ ಕೆಲಸವೋ, ಶುಲ್ಕ ಕಟ್ಟದೆಯೇ ಗೇಟಿನ ಬಳಿ ಕೇಳಿದ್ದರೂ ಸಿಗುತ್ತಿದ್ದಂಥದ್ದು.

ಎಂಜಿನಿಯರಿಂಗ್ ಓದಿದವರಿಗೆ ಇದರ ದೊಡ್ಡ ರೂಪ ಕಾದಿರುತ್ತದೆ. ಹೆಸರು ‘ಬ್ಯಾಕ್‌ಡೋರ್’. ಹೆಸರಾಂತ ಕಂಪನಿಯ ಒಳಗಿನವರ ಪರಿಚಯವಿದೆ, ಇಂಟರ್‌ವ್ಯೂ ಬರೀ ಶಾಸ್ತ್ರಕ್ಕೆ, ಲಕ್ಷ ಎರಡು ಲಕ್ಷ ಕೊಟ್ಟರೆ ಸಾಕು ಎಂಬ ಮಾತು. ಆಫರ್ ಲೆಟರ್ ಕೂಡ ಬರುತ್ತದೆ, ಕಂಪನಿಯ ಲಾಂಛನದೊಂದಿಗೆ, ಸಾದಾ ಜಿಮೇಲ್ ವಿಳಾಸದಿಂದ. ಸೇರುವ ದಿನ ಸೂಟ್‌ಕೇಸ್ ಹಿಡಿದು ಗೇಟಿಗೆ ಹೋದಾಗ ಸೆಕ್ಯುರಿಟಿಯವನ ಪಟ್ಟಿಯಲ್ಲಿ ಹೆಸರಿರುವುದಿಲ್ಲ. ತಂದೆ ಜಮೀನು ಅಡವಿಟ್ಟು ತಂದ ಹಣ ಅದು ಎಂಬುದು ಊರಿಗೆ ತಿಳಿದೀತೆಂದು ದೂರು ಕೊಡದೆ ಸುಮ್ಮನಾದವರೇ ಹೆಚ್ಚು. ತರಬೇತಿಯ ಹೆಸರಿನಲ್ಲಿ ಹಣ ಪಡೆದು ಎರಡು ಮೂರು ವರ್ಷದ ಸುಳ್ಳು ಅನುಭವಪತ್ರ ಮಾಡಿಕೊಡುವ ಜಾಗಗಳೂ ಇವೆ. ಆದರೆ ಪಿಎಫ್ ಖಾತೆಯ 12 ಅಂಕಿಯ ಯುಎಎನ್ ಈಗ ನೌಕರನ ಇಡೀ ಚರಿತ್ರೆ ಹೇಳುತ್ತದೆ. ಯಾವ ಕಂಪನಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂಬುದು ಅಲ್ಲಿ ದಾಖಲಾಗಿರುತ್ತದೆ. ಸೇರಿ ಆರು ತಿಂಗಳಾದ ಮೇಲೆ ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದವನು ಕೆಲಸ ಕಳೆದುಕೊಳ್ಳುತ್ತಾನೆ; ಪತ್ರ ಮಾಡಿಕೊಟ್ಟವನು ಆ ಹೊತ್ತಿಗೆ ಬೋರ್ಡು ಬದಲಿಸಿರುತ್ತಾನೆ.

ಕೆಲಸ ಬೇಡಿ ಬಂದವನಿಂದ ಹಣ ಕೀಳುವುದು ಎಲ್ಲ ಕಡೆಯೂ ಇದ್ದ ಪಿಡುಗು. ಇಪ್ಪತ್ತನೆಯ ಶತಮಾನದ ಆರಂಭದ ಅಮೆರಿಕದಲ್ಲಿ ಏಜೆಂಟರು ಮೇಸ್ತ್ರಿಗಳ ಜತೆ ಒಳಒಪ್ಪಂದ ಮಾಡಿಕೊಂಡು, ಕೂಲಿಗಳನ್ನು ಕೆಲವೇ ದಿನಗಳಲ್ಲಿ ಕೆಲಸದಿಂದ ತೆಗೆಸಿ ಹೊಸಬರಿಂದ ಮತ್ತೆ ಶುಲ್ಕ ಪಡೆದು ಹಂಚಿಕೊಳ್ಳುತ್ತಿದ್ದರು. ಬೇಸತ್ತ ವಾಷಿಂಗ್ಟನ್ ರಾಜ್ಯದ ಮತದಾರರು 1914ರಲ್ಲಿ, ಕಾರ್ಮಿಕರಿಂದ ಶುಲ್ಕ ಪಡೆಯುವುದನ್ನೇ ನಿಷೇಧಿಸುವ ಶಾಸನಕ್ಕೆ ಮತ ಹಾಕಿದರು. ಅಮೆರಿಕದ ಸುಪ್ರೀಂ ಕೋರ್ಟ್ 1917ರಲ್ಲಿ, ಐವರಿಗೆ ನಾಲ್ವರ ಅಂತರದಲ್ಲಿ, ಅದನ್ನು ರದ್ದು ಮಾಡಿತು. ಬ್ರಿಟನ್ 1973ರ ಕಾಯ್ದೆಯಲ್ಲಿ, ಕೆಲವೇ ವಿನಾಯಿತಿಗಳನ್ನು ಬಿಟ್ಟು, ಇಂಥ ಶುಲ್ಕವನ್ನು ಅಪರಾಧವಾಗಿಸಿತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1997ರಲ್ಲಿ ಅಂಗೀಕರಿಸಿದ 181ನೇ ಒಡಂಬಡಿಕೆಯ ತಿರುಳೂ ಇದೇ: ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಕೆಲಸಗಾರನಿಂದ ಏಜೆನ್ಸಿ ಶುಲ್ಕ ಪಡೆಯಬಾರದು. ಭಾರತ ಈ ಒಡಂಬಡಿಕೆಯನ್ನು ಅನುಮೋದಿಸಿಲ್ಲ.

ದೇಶದೊಳಗಿನ ನೇಮಕಕ್ಕೆ ಸಂಬಂಧಿಸಿ ಖಾಸಗಿ ಏಜೆನ್ಸಿಗಳಿಗೆಲ್ಲ ಅನ್ವಯಿಸುವ, ಪರವಾನಗಿಯನ್ನೂ ಶುಲ್ಕದ ಮಿತಿಯನ್ನೂ ಗೊತ್ತುಮಾಡುವ ಕೇಂದ್ರ ಕಾನೂನು ಭಾರತದಲ್ಲಿ ಇಲ್ಲ. ಮನೆಗೆಲಸಕ್ಕೆಂದು ಆದಿವಾಸಿ ಹೆಣ್ಣುಮಕ್ಕಳನ್ನು ಮಹಾನಗರಗಳಿಗೆ ಸಾಗಿಸುವ ಜಾಲಗಳ ಕಾಟ ಕಂಡು ಛತ್ತೀಸಗಢ 2013ರಲ್ಲಿ ತನ್ನದೇ ಕಾಯ್ದೆ ಮಾಡಿತು, ದೆಹಲಿ ಮರುವರ್ಷ ಆದೇಶ ಹೊರಡಿಸಿತು. ಬೆಂಗಳೂರಿನಲ್ಲಿ ಕನ್ಸಲ್ಟೆನ್ಸಿ ತೆರೆಯುವವನಿಗೆ ಅಂಗಡಿ ಮುಂಗಟ್ಟುಗಳ ಕಾಯ್ದೆಯ ನೋಂದಣಿ, ಜಿಎಸ್‌ಟಿ ಇಂಥವು ಸಾಕು; ಬಟ್ಟೆ ಅಂಗಡಿಗೆ ಬೇಕಾದವೂ ಅವೇ.

ನಾಲ್ಕನೆಯ ಬಗೆಗೆ ಬಂದರೆ ಚಿತ್ರವೇ ಬೇರೆ. ಹೊರದೇಶದ ಕೆಲಸಕ್ಕೆ ಜನ ಕಳಿಸುವವರು 1983ರ ವಲಸೆ ಕಾಯ್ದೆಯಡಿ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಲೇಬೇಕು. ಪೂರ್ಣ ಪ್ರಮಾಣದ ಏಜೆಂಟ್ 50 ಲಕ್ಷ ರೂಪಾಯಿಯ ಬ್ಯಾಂಕ್ ಗ್ಯಾರಂಟಿ ಇಡಬೇಕು. ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 35,400, ರಸೀದಿ ಕೊಡಲೇಬೇಕು. ಊರೂರು ತಿರುಗಿ ಜನ ಹಿಡಿಯುವ ಸಬ್ ಏಜೆಂಟರಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ರಕ್ಷಣಾಧಿಕಾರಿಯ ಒಪ್ಪಿಗೆ ಪಡೆಯಬೇಕು, ಜತೆಗೆ ಅವರಿಗೆ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಇರಬೇಕು. ಕರ್ನಾಟಕ ಸರ್ಕಾರದ ಕೌಶಲ್ಯ ನಿಗಮದಡಿ ಅಂತಾರಾಷ್ಟ್ರೀಯ ವಲಸೆ ಕೇಂದ್ರವೂ ಇದೆ.

ಇಷ್ಟಿದ್ದೂ ಮೋಸ ನಿಂತಿಲ್ಲ, ಏಕೆಂದರೆ ಮೋಸಗಾರ ಈ ದಾರಿಯನ್ನೇ ತುಳಿಯುವುದಿಲ್ಲ. ಪ್ರವಾಸಿ ವೀಸಾ ಕೈಗಿಟ್ಟು, ‘ಅಲ್ಲಿ ಇಳಿದ ಮೇಲೆ ಕೆಲಸದ ವೀಸಾ ಮಾಡಿಸೋಣ’ ಎನ್ನುವುದು ಅವನ ಹಳೆಯ ಪಟ್ಟು. 2019ರಲ್ಲಿ ಮಂಗಳೂರು ಕಡೆಯ ಹತ್ತಾರು ಯುವಕರು ಕುವೈತ್‌ನಲ್ಲಿ ಹೇಳಿದ ಕೆಲಸವೂ ಇಲ್ಲದೆ, ಸಂಬಳವೂ ಇಲ್ಲದೆ ಸಿಕ್ಕಿಹಾಕಿಕೊಂಡು, ಅಲ್ಲಿನ ಕರಾವಳಿಯ ಅನಿವಾಸಿಗಳ ನೆರವಿನಿಂದ ತಂಡ ತಂಡವಾಗಿ ಊರಿಗೆ ಮರಳಿದರು. 2022ರಿಂದ ಈಚೆಗೆ ಥಾಯ್ಲೆಂಡಿನಲ್ಲಿ ಐಟಿ ಕೆಲಸ ಎಂದು ನಂಬಿಸಿ, ಗಡಿ ದಾಟಿಸಿ, ಮ್ಯಾನ್ಮಾರ್‌ನ ಮ್ಯಾವಾಡಿಯಲ್ಲಿ ಸೈಬರ್ ವಂಚನೆಯ ಕೆಲಸಕ್ಕೆ ದೂಡುವ ಜಾಲಗಳ ಬಗ್ಗೆ ವಿದೇಶಾಂಗ ಸಚಿವಾಲಯವೇ ಎಚ್ಚರಿಕೆ ಹೊರಡಿಸಿದೆ. ಅಲ್ಲಿ ಸಿಕ್ಕಿಬಿದ್ದವರಲ್ಲಿ ಕಂಪ್ಯೂಟರ್ ಬಲ್ಲ ಪದವೀಧರರೂ ಇದ್ದರು.

ಆದರೂ ದೋಹಾಕ್ಕೆ ಹೊರಟ ಗಾರೆ ಕೆಲಸದವನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟನ ನೋಂದಣಿ ಸಂಖ್ಯೆ ಹಾಕಿ ನೋಡಬಹುದು, ಅಲ್ಲಿಯೇ ದೂರು ಕೊಡಬಹುದು. ಜಿಎಸ್‌ಟಿ ಸೇರಿ 35,400ಕ್ಕಿಂತ ಒಂದು ರೂಪಾಯಿ ಹೆಚ್ಚು ಸೇವಾಶುಲ್ಕ ಕೇಳಿದರೂ ಅದು ಕಾನೂನುಬಾಹಿರ ಎಂದು ಧೈರ್ಯವಾಗಿ ಹೇಳಬಹುದು. ಕಲಬುರಗಿಯಿಂದ ವೈಟ್‌ಫೀಲ್ಡಿಗೆ ಬಂದ ಪದವೀಧರೆಗೆ ನೋಡಲು ಅಂಥ ಪಟ್ಟಿಯಿಲ್ಲ, ಹೇಳಲು ಅಂಥ ಮಿತಿಯಿಲ್ಲ. ಸಮುದ್ರ ದಾಟುವವನಿಗೆ ಸಿಕ್ಕ ರಕ್ಷಣೆ ಜಿಲ್ಲೆ ದಾಟುವವಳಿಗೂ ಸಿಗಬೇಕು. ಏಜೆನ್ಸಿಗಳ ಸಾರ್ವಜನಿಕ ನೋಂದಣಿ ಪಟ್ಟಿ, ಅಭ್ಯರ್ಥಿಯಿಂದ ಶುಲ್ಕ ಪಡೆಯಬಾರದೆಂಬ ನಿಷೇಧ, ತಪ್ಪಿದರೆ ಮುಟ್ಟುಗೋಲಾಗುವ ಠೇವಣಿ ಇವಿಷ್ಟನ್ನು ರಾಜ್ಯವೇ ಮಾಡಬಹುದು. ನಿಯತ್ತಿನಿಂದ ನಡೆಸುವ ಕನ್ಸಲ್ಟೆನ್ಸಿಗಳಿಗೆ ಇದರಿಂದ ಲಾಭವೇ, ಏಕೆಂದರೆ ಇವತ್ತು ಕಂಬದ ಮೇಲಿನ ಚೀಟಿಯವನ ಕೆಟ್ಟ ಹೆಸರನ್ನು ಅವರೂ ಹೊರುತ್ತಿದ್ದಾರೆ.

ಅಲ್ಲಿಯವರೆಗೆ ಹಣ ಕಳೆದುಕೊಂಡವರಿಗೆ ಇರುವುದು ಸಾಮಾನ್ಯ ಕಾನೂನುಗಳ ದಾರಿ. ಕೆಲಸದ ಆಸೆ ತೋರಿಸಿ ಹಣ ಪಡೆದು ವಂಚಿಸಿದರೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಡಿ ಪೊಲೀಸರಿಗೆ ದೂರು ಕೊಡಬಹುದು. ಹಿಂದೆ ಎಲ್ಲರ ಬಾಯಲ್ಲಿದ್ದ 420ರ ಜಾಗಕ್ಕೆ 2024ರ ಜುಲೈ 1ರಿಂದ ಬಂದದ್ದು ಇದು. ಹಣ ಆನ್‌ಲೈನ್‌ನಲ್ಲಿ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ಮಾಡಿದಷ್ಟೂ ಎದುರಿನ ಖಾತೆಯಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು, ನಾಚಿಕೆಯಿಂದ ಕಳೆದ ಒಂದು ದಿನವೂ ಇಲ್ಲಿ ದುಬಾರಿ. ಬಯೋಡೇಟಾ ಊರೆಲ್ಲ ಹರಿದಾಡುವುದಕ್ಕೆ ಕಡಿವಾಣ ಹಾಕಬಲ್ಲ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹಂತ ಹಂತವಾಗಿ ಜಾರಿಯಾಗುತ್ತಿದೆ. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ, ವಿವರ ಅಳಿಸಿಹಾಕುವಂತೆ ಕೇಳುವ ಹಕ್ಕನ್ನು ಅದು ಕೊಡುತ್ತದೆ.

ಶುಲ್ಕ ಪಡೆದು ಹೇಳಿದ ಸೇವೆ ಕೊಡದ ಏಜೆನ್ಸಿಯ ವಿರುದ್ಧ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಹಣ ಕೊಟ್ಟ ಕ್ಷಣದಲ್ಲಿ ಅಭ್ಯರ್ಥಿ ಕಾನೂನಿನ ಕಣ್ಣಿಗೆ ಗ್ರಾಹಕನಾಗುತ್ತಾನೆ. ಕೊಟ್ಟ ಮೊತ್ತ 5 ಲಕ್ಷ ರೂಪಾಯಿಯವರೆಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ, ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಆಯೋಗ ಮೊದಲು ಕೇಳುವುದು ಹಣ ಕೊಟ್ಟದ್ದಕ್ಕೆ ಪುರಾವೆ. ಇಂಥ ಕಚೇರಿಗಳು ಬಿಲ್ ಬರೆಯುವುದೇ ಇಲ್ಲ, ಬರೆದರೂ ‘ತರಬೇತಿ ಶುಲ್ಕ, ಮರುಪಾವತಿ ಇಲ್ಲ’ ಎಂದು ಬರೆಯುತ್ತವೆ. ಆದ್ದರಿಂದ ಯುಪಿಐ ಪಾವತಿಯ ವಿವರ, ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸ ಕೊಡಿಸುತ್ತೇವೆಂದು ಬರೆದ ವಾಟ್ಸ್ಆ್ಯಪ್ ಸಂದೇಶ, ಕಂಬದ ಮೇಲಿದ್ದ ಆ ಚೀಟಿಯ ಫೋಟೊ ಇವೇ ಅಲ್ಲಿ ಬಿಲ್ಲಿನ ಕೆಲಸ ಮಾಡಬೇಕಾಗುತ್ತದೆ.